ಅರ್ಹತಾ ಸುತ್ತಿನಲ್ಲಿ ಸೋತವನು ಊರಿಗೆ ಹೊರಡುವ ಮುನ್ನ

ಪುರುಷರ ವೃತ್ತಿಪರ ಟೆನಿಸ್ ಟೂರ್ನಿಯ ಸಿಂಗಲ್ಸ್ ಡ್ರಾ ಹಾಳೆಯನ್ನು, ಅಂದರೆ ಯಾರು ಯಾರ ವಿರುದ್ಧ ಆಡಬೇಕೆಂದು ತೋರಿಸುವ ಪಟ್ಟಿಯನ್ನು, ಗಮನವಿಟ್ಟು ನೋಡಿದರೆ ಕೆಲವು ಹೆಸರುಗಳ ಪಕ್ಕದಲ್ಲಿ ಪುಟ್ಟ ಅಕ್ಷರಗಳು ಕಾಣುತ್ತವೆ. ‘ಕ್ಯೂ’ ಎಂದಿದ್ದರೆ ಆತ ಅರ್ಹತಾ ಸುತ್ತುಗಳನ್ನು ಗೆದ್ದು ಬಂದವನು. ‘ಡಬ್ಲ್ಯುಸಿ’ ಎಂದಿದ್ದರೆ ಸಂಘಟಕರು ವೈಲ್ಡ್ ಕಾರ್ಡ್ ಕೊಟ್ಟು ಕರೆಸಿದವನು. ‘ಎಲ್‌ಎಲ್’ ಎಂದಿದ್ದರೆ ಆತ ಲಕ್ಕಿ ಲೂಸರ್, ಅಂದರೆ ಅರ್ಹತಾ ಹಂತದ ಕೊನೆಯ ಸುತ್ತಿನಲ್ಲಿ ಸೋತರೂ ಮುಖ್ಯ ಡ್ರಾದಲ್ಲಿ ತೆರವಾದ ಜಾಗಕ್ಕೆ ಸೇರಿದವನು. ತರಬೇತುದಾರನಾಗಿ ಆಟಗಾರರ ಜೊತೆ ಟೂರ್ನಿಯಿಂದ ಟೂರ್ನಿಗೆ ಓಡಾಡಿದ ವರ್ಷಗಳಲ್ಲಿ ನಾನು ಅತಿ ಹೆಚ್ಚು ತಪ್ಪು ತಿಳಿವಳಿಕೆ ಕಂಡಿರುವುದು ಈ ಮೂರನೆಯ ಗುಂಪಿನ ಬಗ್ಗೆ. ಹೆಸರಿನಲ್ಲೇ ಅದೃಷ್ಟವಿರುವುದರಿಂದ ತಮ್ಮ ಕೈಯಲ್ಲಿ ಮಾಡುವಂಥದ್ದು ಏನೂ ಇಲ್ಲವೆಂದು ಭಾವಿಸಿ, ಸೋತ ಸಂಜೆಯೇ ಟಿಕೆಟ್ ಕಾದಿರಿಸಿ ಹೊರಟುಬಿಡುವ ಹುಡುಗರನ್ನು ನಾನು ಬಹಳ ನೋಡಿದ್ದೇನೆ.

ಗ್ರ್ಯಾನ್ ಸ್ಲ್ಯಾಮ್‌ನ ಪುರುಷರ ಸಿಂಗಲ್ಸ್‌ನಲ್ಲಿ 128 ಜಾಗಗಳಿರುತ್ತವೆ. ಸಾಮಾನ್ಯವಾಗಿ 104 ಮಂದಿ ರ‍್ಯಾಂಕಿಂಗ್ ಬಲದಿಂದ ನೇರವಾಗಿ ಬರುತ್ತಾರೆ, 8 ಮಂದಿಗೆ ವೈಲ್ಡ್ ಕಾರ್ಡ್ ಸಿಗುತ್ತದೆ, ಉಳಿದ 16 ಜಾಗಗಳಿಗಾಗಿ 128 ಮಂದಿ ಮೂರು ಸುತ್ತುಗಳ ಅರ್ಹತಾ ಪಂದ್ಯಗಳನ್ನು ಆಡುತ್ತಾರೆ. ಮೂರನೆಯ ಸುತ್ತಿನಲ್ಲಿ ಸೋಲುವ 16 ಮಂದಿಯೇ ಲಕ್ಕಿ ಲೂಸರ್ ಸಾಲಿನ ಮೊದಲಿಗರು. ಮುಖ್ಯ ಡ್ರಾದವನೊಬ್ಬ ಮೊದಲ ಪಂದ್ಯಕ್ಕೆ ಮುನ್ನ ಗಾಯದಿಂದಲೋ ಅನಾರೋಗ್ಯದಿಂದಲೋ ಹಿಂದೆ ಸರಿದರೆ ಈ ಸಾಲಿನಿಂದ ಒಬ್ಬನನ್ನು ಕರೆಯುತ್ತಾರೆ.

ಕರೆಯುವ ಕ್ರಮದಲ್ಲಿ ಒಂದು ಸೂಕ್ಷ್ಮವಿದೆ. ಸೋತವರಲ್ಲಿ ರ‍್ಯಾಂಕಿಂಗ್‌ನಲ್ಲಿ ಮುಂದಿರುವ ನಾಲ್ವರ ನಡುವೆ ಚೀಟಿ ಎತ್ತಿ ಕ್ರಮ ನಿರ್ಧರಿಸುತ್ತಾರೆ. ಹಾಗೆ ಮಾಡದೆ ರ‍್ಯಾಂಕಿಂಗ್ ಕ್ರಮದಲ್ಲಿಯೇ ಕರೆದರೆ, ಜಾಗವೊಂದು ತೆರವಾಗಿದೆ ಎಂಬ ಸುದ್ದಿ ಮೊದಲೇ ತಿಳಿದ ಆಟಗಾರನಿಗೆ ತನ್ನ ಕೊನೆಯ ಅರ್ಹತಾ ಪಂದ್ಯವನ್ನು ಗೆಲ್ಲಲೇಬೇಕೆಂಬ ಒತ್ತಡವೇ ಉಳಿಯುವುದಿಲ್ಲ. ನೋವಿರುವ ಭುಜವನ್ನು ಉಳಿಸಿಕೊಳ್ಳಲು ಆತ ಅರೆಮನಸ್ಸಿನಿಂದ ಆಡಿ ಸೋತರೂ ಮುಖ್ಯ ಡ್ರಾ ಸೇರುತ್ತಾನೆ. ಚೀಟಿ ಎತ್ತುವುದು ಅನ್ಯಾಯವೆಂದು ಕೆಲವು ಪೋಷಕರು ನನ್ನೊಡನೆ ವಾದಿಸಿದ್ದಾರೆ, ಆದರೆ ಆಟದ ಪ್ರಾಮಾಣಿಕತೆಯನ್ನು ಕಾಯಲು ಇದಕ್ಕಿಂತ ಸರಳವಾದ ದಾರಿ ನನಗೆ ತೋಚಿಲ್ಲ.

ಬದಲಿಗೆ ಬಂದವನು ಯಾರ ಜಾಗಕ್ಕೆ ಹೋಗುತ್ತಾನೆ ಎಂಬುದೂ ನಿಯಮಕ್ಕೆ ಬಿಟ್ಟ ವಿಷಯ. 2017ರ ಯುಎಸ್ ಓಪನ್‌ನಲ್ಲಿ ಡ್ರಾ ಪ್ರಕಟವಾದ ಮೇಲೆ ಎರಡನೇ ಶ್ರೇಯಾಂಕದ ಆ್ಯಂಡಿ ಮರ್ರೆ ಹಿಂದೆ ಸರಿದರು. ಮೊದಲ ದಿನದ ಪಂದ್ಯಗಳ ವೇಳಾಪಟ್ಟಿ ಇನ್ನೂ ಹೊರಬಿದ್ದಿರಲಿಲ್ಲವಾದ್ದರಿಂದ ಐದನೇ ಶ್ರೇಯಾಂಕದ ಮರಿನ್ ಚಿಲಿಚ್ ಮರ್ರೆಯ ಜಾಗಕ್ಕೂ, ಚಿಲಿಚ್ ಜಾಗಕ್ಕೆ ಹದಿನೇಳನೇ ಶ್ರೇಯಾಂಕದ ಸ್ಯಾಮ್ ಕ್ವೆರಿಯೂ, ಕ್ವೆರಿಯ ಜಾಗಕ್ಕೆ ಫಿಲಿಪ್ ಕೋಲ್‌ಶ್ರೈಬರ್ ಅವರೂ ಸರಿದರು; ಕೊನೆಗೆ ಕೋಲ್‌ಶ್ರೈಬರ್ ಬಿಟ್ಟ ಜಾಗಕ್ಕೆ ಲಕ್ಕಿ ಲೂಸರ್ ಲುಕಾಷ್ ಲಾಟ್ಸ್ಕೊ ಬಂದರು. ವೇಳಾಪಟ್ಟಿ ಹೊರಬಿದ್ದ ನಂತರವಾದರೆ ಇಷ್ಟೆಲ್ಲ ಸರಿದಾಟವಿಲ್ಲ, ಹಿಂದೆ ಸರಿದವನ ಜಾಗಕ್ಕೇ ಲಕ್ಕಿ ಲೂಸರ್ ನೇರವಾಗಿ ಹೋಗುತ್ತಾನೆ. ಆ ವರ್ಷ ನಡಾಲ್ ಮತ್ತು ಫೆಡರರ್ ಇಬ್ಬರೂ ಡ್ರಾದ ಒಂದೇ ಅರ್ಧದಲ್ಲಿ ಉಳಿದುಕೊಂಡರು, ಮರ್ರೆ ಇಲ್ಲದ ಇನ್ನೊಂದು ಅರ್ಧದಿಂದ ಕೆವಿನ್ ಆ್ಯಂಡರ್ಸನ್ ಫೈನಲ್ ತಲುಪಿದರು.

ಈ ಸಾಲಿಗೆ ಮಹತ್ವ ಹೆಚ್ಚಿದ್ದು ಹಣದ ನಿಯಮವೊಂದು ಬದಲಾದಾಗ. 2017ರ ವಿಂಬಲ್ಡನ್‌ನಲ್ಲಿ ಜೊಕೊವಿಚ್ ಎದುರಾಳಿ ಮಾರ್ಟಿನ್ ಕ್ಲಿಜಾನ್, ಫೆಡರರ್ ಎದುರಾಳಿ ಅಲೆಕ್ಸಾಂಡರ್ ದೊಲ್ಗೊಪೊಲೊವ್ ಇಬ್ಬರೂ ಒಂದೇ ದಿನ ಸೆಂಟರ್ ಕೋರ್ಟ್‌ನಲ್ಲಿ ಮೊದಲ ಸುತ್ತಿನ ಪಂದ್ಯವನ್ನು ಅರ್ಧದಲ್ಲೇ ಬಿಟ್ಟರು. ಗಾಯವಿದ್ದರೂ ಕೋರ್ಟ್‌ಗೆ ಇಳಿದರೆ ಮಾತ್ರ ಮೊದಲ ಸುತ್ತಿನ ಹಣ ಸಿಗುತ್ತಿತ್ತು, ಇಳಿಯದಿದ್ದರೆ ಏನೂ ಇಲ್ಲ. ಇಂಥ ನಿಯಮವಿರುವಾಗ ಗಾಯಾಳು ಕೋರ್ಟ್‌ಗೆ ಇಳಿಯುವುದು ಸಹಜವೇ. 2018ರಿಂದ ಗ್ರ್ಯಾನ್ ಸ್ಲ್ಯಾಮ್‌ಗಳು ಈ ನಿಯಮವನ್ನು ತಿದ್ದಿದವು. ಟೂರ್ನಿಯ ಸ್ಥಳಕ್ಕೆ ಬಂದು, ಆಡಲು ಆಗದೆಂದು ಹಿಂದೆ ಸರಿದವನಿಗೆ ಮೊದಲ ಸುತ್ತಿನ ಹಣದ ಅರ್ಧ ಸಿಗುತ್ತದೆ. ಉಳಿದರ್ಧ ಬದಲಿಗೆ ಬಂದವನದು, ಮುಂದೆ ಗೆದ್ದರೆ ಹೆಚ್ಚುವರಿ ಹಣವೂ ಅವನದೇ.

ಇದರ ಪರಿಣಾಮ ಅದೇ ವರ್ಷ ಪ್ಯಾರಿಸ್‌ನಲ್ಲಿ ಕಂಡಿತು. ಫ್ರೆಂಚ್ ಓಪನ್‌ನಿಂದ ಒಬ್ಬರ ಹಿಂದೊಬ್ಬರು ಸರಿದರು, ಲಕ್ಕಿ ಲೂಸರ್ ಸಾಲು ಕರಗುತ್ತ ಬಂತು, ಕೊನೆಗೆ ನಿಕ್ ಕಿರ್ಗಿಯೋಸ್ ಅವರೂ ಹಿಂದೆ ಸರಿದಾಗ ಸರದಿ ನಮ್ಮ ಪ್ರಜ್ಞೇಶ್ ಗುಣೇಶ್ವರನ್ ಅವರದಾಗಬೇಕಿತ್ತು. ಅವರು ಆಗಲೇ ಇಟಲಿಯ ವಿಚೆನ್ಸಾದಲ್ಲಿ ನಡೆಯುವ ಚಾಲೆಂಜರ್ ಎಂಬ ಕೆಳಹಂತದ ಟೂರ್ನಿಗೆ ಹೊರಟುಹೋಗಿದ್ದರು. ಅವರ ನಂತರದ ಸರದಿಯ ಅರ್ಜೆಂಟೀನಾದ ಮಾರ್ಕೊ ಟ್ರುಂಜೆಲ್ಲಿಟಿ ಬಾರ್ಸೆಲೋನಾದಲ್ಲಿದ್ದರು. ಸುದ್ದಿ ತಿಳಿದೊಡನೆ ಸಹೋದರ, ತಾಯಿ ಮತ್ತು 88 ವರ್ಷದ ಅಜ್ಜಿಯನ್ನು ಕೂರಿಸಿಕೊಂಡು ಸುಮಾರು 1,000 ಕಿಲೋಮೀಟರ್ ಕಾರಿನಲ್ಲಿ ಬಂದು ಮಧ್ಯರಾತ್ರಿಯ ಹೊತ್ತಿಗೆ ಪ್ಯಾರಿಸ್ ತಲುಪಿದರು. ಮರುದಿನ ಬೆಳಿಗ್ಗೆ 11 ಗಂಟೆಗೆ ಕೋರ್ಟ್‌ಗೆ ಇಳಿದು ಬರ್ನಾರ್ಡ್ ಟೋಮಿಚ್ ಅವರನ್ನು ನಾಲ್ಕು ಸೆಟ್‌ಗಳಲ್ಲಿ ಸೋಲಿಸಿದರು.

ಪ್ರಜ್ಞೇಶ್ ಮಾಡಿದ್ದು ತಪ್ಪೆಂದು ನಾನು ಹೇಳಲಾರೆ. ಆ ಹಂತದ ಆಟಗಾರನಿಗೆ ಒಂದು ವಾರವೆಂದರೆ ಹೋಟೆಲ್ ಬಾಡಿಗೆ, ಪ್ರಯಾಣದ ಖರ್ಚು, ರ‍್ಯಾಂಕಿಂಗ್ ಅಂಕಗಳು ಎಲ್ಲವೂ ಸೇರಿದ ಲೆಕ್ಕ. ಖಚಿತವಾಗಿ ಜಾಗವಿರುವ ಟೂರ್ನಿಯನ್ನು ಬಿಟ್ಟು, ಯಾರಾದರೂ ಹಿಂದೆ ಸರಿದಾರು ಎಂದು ಕಾಯುವುದು ಸುಲಭವಲ್ಲ. ಅಲ್ಲದೆ ಅವರ ಆಟ ಅಲ್ಲಿಗೆ ನಿಲ್ಲಲಿಲ್ಲ. ಅದೇ ನವೆಂಬರ್‌ನಲ್ಲಿ ಬೆಂಗಳೂರಿನ ಕಬ್ಬನ್ ಉದ್ಯಾನದ ಕೋರ್ಟ್‌ಗಳಲ್ಲಿ ಸಾಕೇತ್ ಮೈನೇನಿ ಅವರನ್ನು ಸೋಲಿಸಿ ಚಾಲೆಂಜರ್ ಪ್ರಶಸ್ತಿ ಗೆದ್ದರು, 2019ರಲ್ಲಿ ನಾಲ್ಕೂ ಗ್ರ್ಯಾನ್ ಸ್ಲ್ಯಾಮ್‌ಗಳ ಮುಖ್ಯ ಡ್ರಾದಲ್ಲಿ ಆಡಿದರು, ಏಪ್ರಿಲ್‌ನಲ್ಲಿ 75ನೇ ರ‍್ಯಾಂಕ್ ತಲುಪಿದರು. ಆದರೂ ಹನ್ನೊಂದು ಗಂಟೆಯ ಆ ಪಂದ್ಯವನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಆದ್ದರಿಂದ ನನ್ನ ಆಟಗಾರರಿಗೆ ಸೋತ ಸಂಜೆ ನಾನು ಮೊದಲು ಕೇಳುವುದು ಸೋಲಿನ ಬಗ್ಗೆಯಲ್ಲ, ಮುಂದಿನ ವಾರದ ನೋಂದಣಿಯ ಬಗ್ಗೆ. ಇನ್ನೊಂದು ಟೂರ್ನಿಗೆ ಬದ್ಧನಾದವನು ಇಲ್ಲಿಯ ಸಾಲಿನಲ್ಲಿ ನಿಲ್ಲಲಾರ. ಬದ್ಧತೆ ಇಲ್ಲವಾದರೆ, ಮೊದಲ ಸುತ್ತು ಮುಗಿಯುವವರೆಗೆ ಪ್ರತಿ ಬೆಳಿಗ್ಗೆ ಪಂದ್ಯಗಳು ಶುರುವಾಗುವ ಅರ್ಧ ಗಂಟೆ ಮೊದಲೇ ರೆಫರಿಯ ಬಳಿ ಹೋಗಿ ಹಾಳೆಯಲ್ಲಿ ಸಹಿ ಹಾಕಬೇಕು. ಸಹಿ ಹಾಕದವನನ್ನು ಆ ದಿನ ಕರೆಯುವುದಿಲ್ಲ. ಕರೆ ಬಂದಾಗ ಸಿದ್ಧನಾಗಿಲ್ಲದಿದ್ದರೆ ಜಾಗ ಮುಂದಿನವನಿಗೆ ಹೋಗುತ್ತದೆ. ಎರಡು ದಿನ ಸಹಿ ಹಾಕಿಯೂ ಕರೆ ಬಾರದೆ, ಮೂರನೆಯ ಬೆಳಿಗ್ಗೆ ಬೇಸತ್ತು ಹೋಟೆಲ್‌ನಲ್ಲಿಯೇ ಉಳಿಯುತ್ತೇನೆಂದ ಹುಡುಗನೊಬ್ಬನನ್ನು ನಾನು ಒತ್ತಾಯಿಸಿ ಕರೆದುಕೊಂಡು ಹೋಗಿದ್ದೆ. ಆ ಮಧ್ಯಾಹ್ನ ಅವನು ಆಡಿದ, ಎರಡು ಸೆಟ್‌ಗಳಲ್ಲಿ ಸೋತ, ಆದರೆ ಮುಖ್ಯ ಡ್ರಾದ ಚೆಂಡಿನ ವೇಗ ಎಂಥದೆಂದು ಅವನಿಗೆ ಅಂದೇ ತಿಳಿಯಿತು.

ಹೀಗೆ ಬಂದವರು ಗೆದ್ದೂ ಇದ್ದಾರೆ. 2017ರ ಬೇಸಿಗೆಯಲ್ಲಿ ಉಮಾಗ್‌ನಲ್ಲಿ ಆಂದ್ರೆ ರುಬ್ಲೆವ್, ಹ್ಯಾಂಬರ್ಗ್‌ನಲ್ಲಿ ಲಿಯೊನಾರ್ಡೊ ಮಯರ್ ಲಕ್ಕಿ ಲೂಸರ್‌ಗಳಾಗಿ ಬಂದು ಪ್ರಶಸ್ತಿ ಪಡೆದರು. 2024ರ ಇಂಡಿಯನ್ ವೆಲ್ಸ್‌ನಲ್ಲಿ ನಡಾಲ್ ಹಿಂದೆ ಸರಿದಾಗ ಆ ಜಾಗಕ್ಕೆ ಬಂದದ್ದು ಸುಮಿತ್ ನಾಗಲ್. ಅಂದು ಮಿಲೊಸ್ ರಾವ್‌ನಿಚ್ ಎದುರು ಅವರು ಸೋತರು. ಆದರೆ ಕರೆ ಬಂದ ಹೊತ್ತಿಗೆ ಅವರು ಅಲ್ಲಿದ್ದರು, ಆಡಲು ಸಿದ್ಧರಾಗಿದ್ದರು.