ವಿಧೇಯಕದೊಳಗಿನ ಭಜ್ಜಿ: ‘ಒಂದು ಮಸೂದೆ, ಒಂದೇ ವಿಷಯ’ ಎಂಬ ನಿಯಮದ ಹಿನ್ನೆಲೆ

ಎಳ್ಳ ಅಮಾವಾಸ್ಯೆಯಂದು ಕಲಬುರಗಿ, ಬೀದರ್ ಕಡೆಯ ಹೊಲಗಳಲ್ಲಿ ಸಜ್ಜೆ ರೊಟ್ಟಿಯ ಜೊತೆ ಬಡಿಸುವ ಭಜ್ಜಿಗೆ ಇಷ್ಟೇ ಪದಾರ್ಥ ಬೀಳಬೇಕೆಂಬ ಲೆಕ್ಕವಿಲ್ಲ. ಹಸಿ ತೊಗರಿ, ಅವರೆ, ಬಟಾಣಿ, ಮೆಂತ್ಯ, ಬದನೆ, ಗಜ್ಜರಿ, ಕಡಲೆ ಹಿಟ್ಟು, ಹುಣಸೆ ರಸ ಎಲ್ಲವೂ ಒಂದೇ ಪಾತ್ರೆಯಲ್ಲಿ ಬೆಂದು ಒಂದಾಗುತ್ತವೆ. ಬದನೆ ಒಲ್ಲದವರು ಅದೊಂದನ್ನು ಬಿಟ್ಟು ಉಳಿದದ್ದನ್ನು ಬಡಿಸಿಕೊಳ್ಳಲಾಗದು. ಹಬ್ಬದ ಊಟಕ್ಕೆ ಅದೇ ಸೊಗಸು. ಆದರೆ ಶಾಸನಸಭೆಯ ಮುಂದೆ ಬರುವ ಮಸೂದೆಯೂ ಹೀಗಿರಬಹುದೇ ಎಂಬ ಪ್ರಶ್ನೆಗೆ ಎರಡು ಸಾವಿರ ವರ್ಷಗಳ ವಯಸ್ಸಾಗಿದೆ. ಹಲವು ವಿಷಯಗಳನ್ನು ಕಲಸಿದ ಕಾನೂನನ್ನು ಪ್ರಾಚೀನ ರೋಮಿನವರು ‘ಸಾಟುರಾ’ ಎಂಬ ಮಾತಿನಿಂದ ಗುರುತಿಸುತ್ತಿದ್ದರು. ಬಗೆಬಗೆಯ ಫಲ ತುಂಬಿದ ತಟ್ಟೆ ಆ ಮಾತಿನ ಮೂಲವೆಂದು ಹೇಳುವುದುಂಟು. ಕ್ರಿ.ಪೂ. 98ರಲ್ಲಿ ಮೆಟೆಲಸ್ ಮತ್ತು ಡಿಡಿಯಸ್ ಎಂಬ ಇಬ್ಬರು ಕಾನ್ಸಲ್‌ಗಳು ತಂದ ಶಾಸನವು ಅಂಥ ಕಲಬೆರಕೆಯನ್ನು ನಿಷೇಧಿಸಿತು. ಮಸೂದೆಯನ್ನು ಪ್ರಕಟಿಸಿದ ಮೇಲೆ ಮತಕ್ಕೆ ಹಾಕುವ ಮುನ್ನ ಇಂತಿಷ್ಟು ಕಾಲ ಬಿಡಬೇಕೆಂದೂ ಅದೇ ಶಾಸನ ಹೇಳಿತು. ಒಂದೇ ವಿಷಯವಿರಬೇಕು, ಓದಲು ಸಮಯವೂ ಇರಬೇಕು ಎಂಬ ಎರಡು ಬೇಡಿಕೆಗಳು ಅಂದಿನಿಂದಲೂ ಜೋಡಿಯಾಗಿಯೇ ನಡೆದುಬಂದಿವೆ.

ಅಲ್ಲಿಂದ ಹದಿನೆಂಟು ಶತಮಾನ ದಾಟಿದರೆ ಇಂಗ್ಲೆಂಡ್. ತೆರಿಗೆ ಮಸೂದೆಯನ್ನು ಮೇಲ್ಮನೆ ತಿದ್ದುವಂತಿಲ್ಲ ಎಂಬ ಸಂಪ್ರದಾಯವನ್ನೇ ಹಿಡಿದು, ಮೇಲ್ಮನೆಗೆ ಒಪ್ಪಿಗೆಯಾಗದ ಸಂಗತಿಗಳನ್ನು ತೆರಿಗೆ ಮಸೂದೆಗೇ ಅಂಟಿಸಿ ಕಳಿಸುವ ರೂಢಿ ಅಲ್ಲಿ ಬೆಳೆದಿತ್ತು. 1702ರಲ್ಲಿ ಮೇಲ್ಮನೆಯು ಅದನ್ನು ಸಂಸದೀಯ ರೀತಿಗೆ ವಿರುದ್ಧವೆಂದು ಠರಾವು ಮಾಡಿತು. ಆಸ್ಟ್ರೇಲಿಯಾ ಇನ್ನೂ ಬಿಗಿಯಾದ ದಾರಿ ಹಿಡಿದು, ತೆರಿಗೆ ವಿಧಿಸುವ ಕಾನೂನಿನಲ್ಲಿ ತೆರಿಗೆಯ ಮಾತಲ್ಲದೆ ಬೇರೇನೂ ಇರಕೂಡದೆಂದು ತನ್ನ ಸಂವಿಧಾನದ 55ನೇ ಪ್ರಕರಣದಲ್ಲೇ ಬರೆದುಕೊಂಡಿತು.

ಎಲ್ಲ ಬಗೆಯ ಮಸೂದೆಗಳಿಗೂ ಈ ನಿಯಮವನ್ನು ಹಬ್ಬಿಸಿದ್ದು ಅಮೆರಿಕದ ರಾಜ್ಯಗಳು. 1844ರ ನ್ಯೂಜೆರ್ಸಿ ಸಂವಿಧಾನವು, ಒಂದಕ್ಕೊಂದು ಸಂಬಂಧವಿಲ್ಲದ ವಿಷಯಗಳನ್ನು ಬೆರೆಸುವುದರಿಂದ ಹುಟ್ಟುವ ಅನುಚಿತ ಪ್ರಭಾವವನ್ನು ತಪ್ಪಿಸಲು ಪ್ರತಿಯೊಂದು ಕಾನೂನಿಗೂ ಒಂದೇ ಉದ್ದೇಶವಿರಬೇಕು ಮತ್ತು ಅದು ಶೀರ್ಷಿಕೆಯಲ್ಲಿ ಕಾಣಬೇಕು ಎಂದು ವಿಧಿಸಿತು. ಅನುಚಿತ ಪ್ರಭಾವವೆಂದರೆ ನಮ್ಮ ಮಾತಿನಲ್ಲಿ ‘ನೀ ನನಗಿದ್ದರೆ ನಾ ನಿನಗೆ’: ಬಿಡಿಯಾಗಿ ಬಂದರೆ ಬಹುಮತ ಸಿಗದ ಎರಡು ಪ್ರಸ್ತಾವಗಳನ್ನು ಒಂದೇ ಗಂಟಿಗೆ ಕಟ್ಟಿ, ಎರಡರ ಬೆಂಬಲಿಗರೂ ಸೇರಿ ಗಂಟನ್ನೇ ಗೆಲ್ಲಿಸಿಕೊಳ್ಳುವುದು. ಇಂದು ಅಲ್ಲಿನ ನಲವತ್ತಕ್ಕೂ ಹೆಚ್ಚು ರಾಜ್ಯಗಳ ಸಂವಿಧಾನಗಳಲ್ಲಿ ಈ ಬಗೆಯ ನಿಯಮವಿದೆ. ರಾಷ್ಟ್ರದ ಕಾಂಗ್ರೆಸ್ಸಿಗೆ ಮಾತ್ರ ಇಲ್ಲ.

ನಿಯಮವಿದ್ದ ಮಾತ್ರಕ್ಕೆ ಗಂಟುಗಳು ನಿಂತಿಲ್ಲ. ‘ವಿಷಯ’ ಎಂದರೆ ಎಷ್ಟು ಅಗಲ ಎಂಬುದನ್ನು ಯಾರೂ ಅಳೆದು ಕೊಟ್ಟಿಲ್ಲವಾದ್ದರಿಂದ ನ್ಯಾಯಾಲಯಗಳು ಸಾಮಾನ್ಯವಾಗಿ ಉದಾರವಾಗಿಯೇ ಅರ್ಥ ಮಾಡಿವೆ. ಮಿನೆಸೋಟದ ಸರ್ವೋಚ್ಚ ನ್ಯಾಯಾಲಯ 2000ದಲ್ಲಿ, ತೆರಿಗೆಯ ದೊಡ್ಡ ಮಸೂದೆಯೊಳಗೆ ಸೇರಿಸಿದ್ದ ಶಾಲಾ ಕಟ್ಟಡ ಕಾಮಗಾರಿಯ ಕೂಲಿ ದರದ ಅಂಶವನ್ನಷ್ಟೇ ಕಿತ್ತುಹಾಕಿ ಉಳಿದ ಕಾನೂನನ್ನು ಉಳಿಸಿತು. ಅದೇ ರಾಜ್ಯದಲ್ಲಿ 2024ರ ಮೇ ತಿಂಗಳ ಅಧಿವೇಶನದ ಕಡೆಯ ರಾತ್ರಿ ಸಾವಿರಕ್ಕೂ ಹೆಚ್ಚು ಪುಟಗಳ ಮಸೂದೆಯೊಂದು ಅಂಗೀಕಾರವಾಯಿತು. ನೆಬ್ರಾಸ್ಕಾದಲ್ಲಿ ಗರ್ಭಪಾತದ ನಿರ್ಬಂಧವನ್ನೂ ಲಿಂಗತ್ವ ಸಂಬಂಧಿ ಚಿಕಿತ್ಸೆಯ ನಿರ್ಬಂಧವನ್ನೂ ಒಂದೇ ಕಾನೂನಿನಲ್ಲಿ ತಂದಾಗ, ಎರಡೂ ವೈದ್ಯಕೀಯ ಆರೈಕೆ ಎಂಬ ಒಂದೇ ವಿಷಯಕ್ಕೆ ಸೇರುತ್ತವೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ 2024ರ ಜುಲೈನಲ್ಲಿ ಒಪ್ಪಿಕೊಂಡಿತು. ಅಷ್ಟು ಅಗಲದ ಕಣ್ಣಿನಿಂದ ನೋಡಿದರೆ ಭಜ್ಜಿಯಲ್ಲಿರುವುದೂ ತರಕಾರಿ ಎಂಬ ಒಂದೇ ವಿಷಯ.

ಭಾರತದ ಸಂವಿಧಾನ ಈ ನಿಯಮವನ್ನು ಇಟ್ಟುಕೊಳ್ಳಲಿಲ್ಲ. ಇಂಗ್ಲೆಂಡಿನ ದಾರಿಯನ್ನು ಅನುಸರಿಸಿ ಧನ ವಿಧೇಯಕದ ಮಟ್ಟಿಗೆ ಮಾತ್ರ ಬೇಲಿ ಹಾಕಿತು. ಸಂಸತ್ತಿಗೆ 110ನೇ ಅನುಚ್ಛೇದ, ರಾಜ್ಯಗಳಿಗೆ 199ನೇ ಅನುಚ್ಛೇದ. ತೆರಿಗೆ, ಸಾಲ, ಸಂಚಿತ ನಿಧಿ ಮೊದಲಾದ ಹೆಸರಿಸಿದ ಸಂಗತಿಗಳು ‘ಮಾತ್ರ’ ಇದ್ದರೆ ಅದು ಧನ ವಿಧೇಯಕ. ಹಾಗೆಂದು ಪ್ರಮಾಣೀಕರಿಸುವವರು ಸಭಾಧ್ಯಕ್ಷರು. ಅವರ ನಿರ್ಣಯವೇ ಅಂತಿಮ. ನಮ್ಮಂತೆ ವಿಧಾನ ಪರಿಷತ್ತಿರುವ ರಾಜ್ಯಗಳಲ್ಲಿ ಇದಕ್ಕೆ ದೊಡ್ಡ ಬೆಲೆಯಿದೆ, ಏಕೆಂದರೆ ಧನ ವಿಧೇಯಕವನ್ನು ಪರಿಷತ್ತು ಹದಿನಾಲ್ಕು ದಿನಕ್ಕಿಂತ ಹೆಚ್ಚು ತಡೆಹಿಡಿಯುವಂತಿಲ್ಲ, ತಿರಸ್ಕರಿಸುವಂತೂ ಇಲ್ಲ.

‘ಮಾತ್ರ’ ಎಂಬ ಆ ಒಂದು ಪದದ ಮೇಲೆ ಕಳೆದ ಕೆಲವು ವರ್ಷಗಳಲ್ಲಿ ಬಹಳ ಭಾರ ಬಿದ್ದಿದೆ. ಉತ್ತರ ಪ್ರದೇಶದಲ್ಲಿ ಲೋಕಾಯುಕ್ತರ ಅಧಿಕಾರಾವಧಿಯನ್ನು ಆರರಿಂದ ಎಂಟು ವರ್ಷಕ್ಕೆ ಏರಿಸುವ ತಿದ್ದುಪಡಿಯೇ ಧನ ವಿಧೇಯಕವಾಗಿ ಅಂಗೀಕಾರವಾಗಿತ್ತು. ಅದನ್ನು ಪ್ರಶ್ನಿಸಿದಾಗ, ಸಭಾಧ್ಯಕ್ಷರ ನಿರ್ಣಯ ಅಂತಿಮವೆಂದೂ, ಕಲಾಪದ ಲೋಪವನ್ನು ನ್ಯಾಯಾಲಯ ವಿಚಾರಿಸಲಾಗದೆಂದೂ ಸರ್ವೋಚ್ಚ ನ್ಯಾಯಾಲಯ 2014ರಲ್ಲಿ ಹೇಳಿತು. 2016ರಲ್ಲಿ ಆಧಾರ್ ಕಾನೂನು ಧನ ವಿಧೇಯಕವಾಗಿ ಬಂತು. 2018ರ ಸೆಪ್ಟೆಂಬರ್‌ನಲ್ಲಿ ನಾಲ್ವರು ನ್ಯಾಯಮೂರ್ತಿಗಳು ಅದನ್ನು ಒಪ್ಪಿದರು, ಒಬ್ಬರು ಸಂವಿಧಾನಕ್ಕೆ ಎಸಗಿದ ವಂಚನೆ ಎಂದು ಭಿನ್ನಮತ ಬರೆದರು. ನಡುವೆ 2017ರ ಹಣಕಾಸು ಕಾಯ್ದೆ ಬಜೆಟ್ಟಿನ ತೆರಿಗೆ ದರಗಳ ಜೊತೆಗೆ ನ್ಯಾಯಮಂಡಳಿಗಳ ವಿಲೀನ, ಪ್ಯಾನ್‌ಗೆ ಆಧಾರ್ ಜೋಡಣೆ, ಚುನಾವಣಾ ಬಾಂಡ್‌ಗಾಗಿ ಹಲವು ಕಾನೂನುಗಳ ತಿದ್ದುಪಡಿ ಎಲ್ಲವನ್ನೂ ಹೊತ್ತುಕೊಂಡಿತು. 2019ರ ನವೆಂಬರ್‌ನಲ್ಲಿ ನ್ಯಾಯಮಂಡಳಿಗಳ ಪ್ರಕರಣದಲ್ಲಿ ಐವರ ಪೀಠ, ಆಧಾರ್ ತೀರ್ಪು ‘ಮಾತ್ರ’ ಎಂಬ ಪದದ ವ್ಯಾಪ್ತಿಯನ್ನು ಸಾಕಷ್ಟು ಪರಿಶೀಲಿಸಿಲ್ಲವೆಂದು ಪ್ರಶ್ನೆಯನ್ನು ಇನ್ನೂ ದೊಡ್ಡ ಪೀಠಕ್ಕೆ ಒಪ್ಪಿಸಿತು. ಚುನಾವಣಾ ಬಾಂಡ್ 2024ರ ಫೆಬ್ರುವರಿಯಲ್ಲಿ ರದ್ದಾದದ್ದು ಮತದಾರನ ಮಾಹಿತಿ ಹಕ್ಕಿನ ಆಧಾರದ ಮೇಲೆ. ಮಸೂದೆಯ ಸ್ವರೂಪದ ಆಧಾರದ ಮೇಲಲ್ಲ.

ಧನ ವಿಧೇಯಕವಲ್ಲದ ಸಾಮಾನ್ಯ ಮಸೂದೆಗೆ ಆ ಒಂದು ಪದದ ತಡೆಯೂ ಇಲ್ಲ. ರಾಜ್ಯ ಪತ್ರದಲ್ಲಿ ‘ಮತ್ತು ಕೆಲವು ಇತರ ಕಾನೂನು (ತಿದ್ದುಪಡಿ) ವಿಧೇಯಕ’ ಎಂಬ ಶೀರ್ಷಿಕೆ ಕಂಡರೆ ಒಳಗೆ ಏನೇನಿದೆ ಎಂಬುದು ಖಂಡಗಳನ್ನು ಓದಿದವರಿಗಷ್ಟೇ ಗೊತ್ತಾಗುತ್ತದೆ. ಇದಕ್ಕೆ ನಮ್ಮ ಭಾಗಕ್ಕೆ ನೇರವಾಗಿ ತಟ್ಟುವ ಉದಾಹರಣೆ, 2020ರ ಕೈಗಾರಿಕಾ ವಿವಾದಗಳು ಮತ್ತು ಕೆಲವು ಇತರ ಕಾನೂನುಗಳ (ಕರ್ನಾಟಕ ತಿದ್ದುಪಡಿ) ವಿಧೇಯಕ. ಅದರಲ್ಲಿ ಮೂರು ಕೇಂದ್ರ ಕಾಯ್ದೆಗಳ ತಿದ್ದುಪಡಿ ಇತ್ತು. ವಿದ್ಯುತ್ ಬಳಸುವ ಘಟಕ ಕಾರ್ಖಾನೆ ಎನಿಸಿಕೊಳ್ಳಲು ಬೇಕಾದ ಕಾರ್ಮಿಕರ ಸಂಖ್ಯೆ 10ರಿಂದ 20ಕ್ಕೆ, ಸರ್ಕಾರದ ಅನುಮತಿಯಿಲ್ಲದೆ ಕಾರ್ಮಿಕರನ್ನು ತೆಗೆಯುವ ಮಿತಿ 100ರಿಂದ 300ಕ್ಕೆ, ಗುತ್ತಿಗೆ ಕಾರ್ಮಿಕ ಕಾಯ್ದೆ ಅನ್ವಯವಾಗುವ ಸಂಖ್ಯೆ 20ರಿಂದ 50ಕ್ಕೆ ಏರುತ್ತಿದ್ದವು. ಕಲಬುರಗಿಯಲ್ಲಿ ಕುಳಿತು ನೋಡಿದರೆ ಇವು ಮೂರು ಬೇರೆ ಬೇರೆ ಬಾಗಿಲುಗಳು. ಮೊದಲನೆಯದು ಹದಿನೈದು ಮಂದಿ ದುಡಿಯುವ ತೊಗರಿ ಬೇಳೆ ಮಿಲ್ಲಿನದು. ಎರಡನೆಯದು ಸೇಡಂ, ವಾಡಿ ಕಡೆಯ ಸಿಮೆಂಟ್ ಕಾರ್ಖಾನೆಯ ಕಾಯಂ ನೌಕರನದು. ಮೂರನೆಯದು ಅದೇ ಕಾರ್ಖಾನೆಯಲ್ಲಿ ಚೀಲ ಹೊರುವ ಗುತ್ತಿಗೆ ಆಳಿನದು. ಬೇಳೆ ಮಿಲ್ಲುಗಳ ಕಾಗದಪತ್ರದ ಹೊರೆ ಇಳಿಯಲಿ, ಆದರೆ ಗುತ್ತಿಗೆಯವನ ರಕ್ಷಣೆ ಉಳಿಯಲಿ ಎನ್ನುವ ಸದಸ್ಯನಿಗೆ ಕಡೆಯ ಮತದಾನದಲ್ಲಿ ಹೌದು ಅಥವಾ ಇಲ್ಲ ಎಂಬುದರ ಹೊರತು ಮೂರನೆಯ ದಾರಿ ಇರಲಿಲ್ಲ.

ಆ ವಿಧೇಯಕ ವಿಧಾನಸಭೆಯಲ್ಲಿ ಅಂಗೀಕಾರವಾಗಿ, 2020ರ ಸೆಪ್ಟೆಂಬರ್‌ನಲ್ಲಿ ಪರಿಷತ್ತಿನಲ್ಲಿ ಬಿದ್ದುಹೋಯಿತು. 2023ರ ಫೆಬ್ರುವರಿಯಲ್ಲಿ ಕಾರ್ಖಾನೆಗಳ ಕಾಯ್ದೆಗೆ ಮಾತ್ರ ಸೀಮಿತವಾದ ಬೇರೊಂದು ತಿದ್ದುಪಡಿ ಬಂದಾಗ, ದಿನಕ್ಕೆ ಹನ್ನೆರಡು ಗಂಟೆಯವರೆಗಿನ ದುಡಿಮೆ, ಮಹಿಳೆಯರ ರಾತ್ರಿ ಪಾಳಿಯಂಥ ಚರ್ಚಾಸ್ಪದ ಅಂಶಗಳಿದ್ದರೂ ಅದು ಎರಡೂ ಸದನಗಳನ್ನು ದಾಟಿತು. ಹೀಗಾಗಿ ಏಕವಿಷಯದ ನಿಯಮವನ್ನು ಕಾರ್ಮಿಕರ ಪರವೆಂದೋ ಉದ್ಯಮದ ಪರವೆಂದೋ ಕರೆಯಲು ಬರುವುದಿಲ್ಲ. ಯಾವುದಕ್ಕೆ ಯಾರು ಒಪ್ಪಿದರು ಎಂಬ ಲೆಕ್ಕ ಮಾತ್ರ ಚೊಕ್ಕವಾಗುತ್ತದೆ.

ಹಳೆಯ ಹೈದರಾಬಾದ್ ಸಂಸ್ಥಾನದ ಈ ಜಿಲ್ಲೆಗಳಿಗೆ ಈ ಚರ್ಚೆಯಲ್ಲಿ ಇನ್ನೊಂದು ಮಗ್ಗುಲಿದೆ. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿದಾಗ, ರಾಜ್ಯ ಪುನರ್ವಿಂಗಡಣಾ ಕಾಯ್ದೆಯ 119ನೇ ಪ್ರಕರಣದ ಪ್ರಕಾರ, ಹೊಸ ಶಾಸಕಾಂಗ ಬದಲಿಸುವವರೆಗೆ ಇಲ್ಲಿ ಹೈದರಾಬಾದಿನ ಕಾನೂನುಗಳೇ ಮುಂದುವರಿದವು. ಮೈಸೂರು, ಮುಂಬೈ, ಹೈದರಾಬಾದ್, ಮದ್ರಾಸ್, ಕೊಡಗು ಎಂಬ ಐದು ಕಾನೂನುಗಳ ಮೇಲೆ ಒಂದು ರಾಜ್ಯ ನಿಂತಿತ್ತು. ಅವನ್ನು ಒಂದುಗೂಡಿಸಲು ಹಲವು ಪ್ರಾಂತೀಯ ಕಾನೂನುಗಳನ್ನು ಒಂದೇ ಏಟಿಗೆ ತಿದ್ದುವ ಇಲ್ಲವೇ ರದ್ದುಮಾಡುವ ಮಸೂದೆಗಳು ಅನಿವಾರ್ಯವಾಗಿದ್ದವು. 1964ರ ಭೂಕಂದಾಯ ಕಾಯ್ದೆ ಅಂಥ ಕೆಲಸವನ್ನೇ ಮಾಡಿತು. ಆದರೆ ಅದರ ವಿಷಯ ಒಂದೇ ಆಗಿತ್ತು: ಭೂಕಂದಾಯ. ಹಲವು ಕಾನೂನುಗಳನ್ನು ಮುಟ್ಟುವುದು ಬೇರೆ, ಹಲವು ವಿಷಯಗಳನ್ನು ಬೆರೆಸುವುದು ಬೇರೆ. ಇಂದಿನ ವಾದವಿವಾದದಲ್ಲಿ ಇವೆರಡೂ ಸುಲಭವಾಗಿ ಕಲಸಿಹೋಗುತ್ತವೆ.

ಈ ವ್ಯತ್ಯಾಸ ನನಗೆ ತಿಳಿದದ್ದು ಪುಸ್ತಕದಿಂದಲ್ಲ, ಗೋಂದಿನಿಂದ. ಕಲಬುರಗಿಯ ಹಿರಿಯ ವಕೀಲರೊಬ್ಬರ ಕಚೇರಿಯಲ್ಲಿ ಕಿರಿಯನಾಗಿ ಸೇರಿದಾಗ ನನ್ನ ಪಾಲಿನ ಕೆಲಸವೆಂದರೆ, ಹೊಸ ತಿದ್ದುಪಡಿ ಬಂದಾಗಲೆಲ್ಲ ಅದನ್ನು ಚೀಟಿಯಾಗಿ ಕತ್ತರಿಸಿ, ಮೂಲ ಕಾಯ್ದೆಯ ಪುಸ್ತಕದಲ್ಲಿ ಆಯಾ ಪ್ರಕರಣದ ಅಂಚಿಗೆ ಅಂಟಿಸುವುದು. ಒಂದೇ ಕಾಯ್ದೆಯ ತಿದ್ದುಪಡಿಯಾದರೆ ಒಂದು ಪುಸ್ತಕ, ಒಂದು ಚೀಟಿ. ‘ಕೆಲವು ಇತರ ಕಾನೂನು’ ಬಂದರೆ ಕಪಾಟಿನ ನಾಲ್ಕು ಮೂಲೆಯ ನಾಲ್ಕು ಪುಸ್ತಕ ಇಳಿಸಬೇಕು. ಒಮ್ಮೆ ಶೀರ್ಷಿಕೆಯಲ್ಲಿದ್ದ ಕಾಯ್ದೆಗೆ ಚೀಟಿ ಅಂಟಿಸಿ, ಕೊನೆಯ ಪುಟದಲ್ಲಿದ್ದ ಮೂರನೆಯ ಕಾಯ್ದೆಯನ್ನು ಬಿಟ್ಟುಬಿಟ್ಟೆ. ವಾದದ ನಡುವೆ ಎದುರಾಳಿ ವಕೀಲರು ಬದಲಾದ ಪ್ರಕರಣವನ್ನು ಓದಿದಾಗ ನಮ್ಮ ಹಿರಿಯರು ಹಳೆಯ ಪಾಠವನ್ನು ಕೈಯಲ್ಲಿ ಹಿಡಿದು ನಿಂತಿದ್ದರು. ತಪ್ಪು ನನ್ನದೇ. ಆದರೂ ವಕೀಲನ ಕಚೇರಿಗೇ ಸಿಗದ ಕಾನೂನು ಚಿಂಚೋಳಿಯ ರೈತನಿಗೆ ಹೇಗೆ ಸಿಗಬೇಕು ಎಂಬ ಪ್ರಶ್ನೆ ಅಂದಿನಿಂದ ಬಿಟ್ಟಿಲ್ಲ. ಹೋಲಿಕೆಗೆ 98ನೇ ತಿದ್ದುಪಡಿಯನ್ನು ನೋಡಬಹುದು. ಅದು ಈ ಭಾಗಕ್ಕೆ ವಿಶೇಷ ಸೌಲಭ್ಯ ಕಲ್ಪಿಸುವ 371ಜೆ ಎಂಬ ಒಂದೇ ಅನುಚ್ಛೇದವನ್ನು ಸಂವಿಧಾನಕ್ಕೆ ಸೇರಿಸಿತು. ಇಂದು ಈ ಭಾಗದಲ್ಲಿ ಡಿಗ್ರಿ ಓದುವ ಹುಡುಗರಿಗೂ ಆ ಸಂಖ್ಯೆ ಬಾಯಿಪಾಠ.

ಏಕವಿಷಯದ ನಿಯಮವನ್ನು ಒಪ್ಪದವರ ವಾದದಲ್ಲಿಯೂ ಹುರುಳಿದೆ. 2023ರಲ್ಲಿ ಸಂಸತ್ತು ಜನ ವಿಶ್ವಾಸ ಕಾಯ್ದೆಯ ಮೂಲಕ 42 ಕಾನೂನುಗಳ 183 ಅಂಶಗಳನ್ನು ತಿದ್ದಿ, ಸಣ್ಣಪುಟ್ಟ ಅಪರಾಧಗಳ ಜೈಲು ಶಿಕ್ಷೆಗಳನ್ನು ಸಡಿಲಿಸಿತು. ಅದನ್ನು 42 ಮಸೂದೆಗಳಾಗಿ ತಂದಿದ್ದರೆ ಎಷ್ಟು ಅಧಿವೇಶನ ಬೇಕಾಗುತ್ತಿತ್ತೋ. ಇನ್ನೊಂದೆಡೆ, ಅಮೆರಿಕದ ಬಹುತೇಕ ರಾಜ್ಯಪಾಲರಿಗೆ ವೆಚ್ಚದ ಮಸೂದೆಯ ಒಂದೊಂದು ಬಾಬನ್ನು ಬಿಡಿಯಾಗಿ ತಿರಸ್ಕರಿಸುವ ಅಧಿಕಾರವಿದೆ. ನಮ್ಮ 200ನೇ ಅನುಚ್ಛೇದದಲ್ಲಿ ಅಂಥದ್ದಿಲ್ಲ. ಅಂಕಿತ ಬಿದ್ದರೆ ಇಡೀ ಮಸೂದೆಗೆ ಬೀಳಬೇಕು. ಆದ್ದರಿಂದ ಗಂಟನ್ನು ಬಿಚ್ಚುವುದಾದರೆ ಸದನದಲ್ಲೇ ಬಿಚ್ಚಬೇಕು.

ಸದನದ ನಿಯಮಗಳಲ್ಲಿ ಒಂದು ವಿಚಿತ್ರವೂ ಇದೆ. ಲೋಕಸಭೆಯ 80ನೇ ನಿಯಮದಂತೆ ಸದಸ್ಯರು ಸೂಚಿಸುವ ತಿದ್ದುಪಡಿ ಮಸೂದೆಯ ವ್ಯಾಪ್ತಿಯೊಳಗೇ ಇರಬೇಕು. ತಿದ್ದುಪಡಿಗೆ ವಿಷಯದ ಮಿತಿಯುಂಟು, ಮಸೂದೆಗೆ ಇಲ್ಲ. ಆ ಮಿತಿ ಅಡ್ಡಬಂದಾಗ ನಿಯಮವನ್ನೇ ಅಮಾನತಿನಲ್ಲಿಡುವ ಪ್ರಸ್ತಾವ ತಂದು ಸರ್ಕಾರಿ ತಿದ್ದುಪಡಿಗಳನ್ನು ಹಣಕಾಸು ಮಸೂದೆಗೆ ಸೇರಿಸಿದ್ದೂ ಇದೆ. 208ನೇ ಅನುಚ್ಛೇದ ರಾಜ್ಯ ಶಾಸಕಾಂಗದ ಪ್ರತಿ ಸದನಕ್ಕೂ ತನ್ನ ಕಾರ್ಯವಿಧಾನದ ನಿಯಮಗಳನ್ನು ರೂಪಿಸಿಕೊಳ್ಳುವ ಅಧಿಕಾರ ಕೊಟ್ಟಿರುವುದರಿಂದ, ಕರ್ನಾಟಕದಲ್ಲಿ ಏಕವಿಷಯದ ಕಟ್ಟಳೆ ತರಲು ಸಂವಿಧಾನದ ತಿದ್ದುಪಡಿ ಬೇಕಿಲ್ಲ. ಎರಡು ಸದನಗಳು ತಮ್ಮ ನಿಯಮಾವಳಿಗೆ ಒಂದೊಂದು ಸಾಲು ಸೇರಿಸಿದರೆ ಸಾಕು. ಕಲಾಪದ ಲೋಪವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸದಂತೆ ತಡೆಯುವ 212ನೇ ಅನುಚ್ಛೇದ ಇರುವವರೆಗೆ ಆ ಸಾಲನ್ನು ಮುರಿದರೆಂದು ನ್ಯಾಯಾಲಯದ ಮೆಟ್ಟಿಲೇರಿ ಕಾನೂನನ್ನು ಬೀಳಿಸಲು ಮಾತ್ರ ಬರುವುದಿಲ್ಲ. ಅದನ್ನು ಎತ್ತಿ ತೋರಿಸಬೇಕಾದವರು, ಧ್ವನಿಮತಕ್ಕೆ ಹಾಕುವ ಮುನ್ನ ಖಂಡಗಳನ್ನು ಓದಿಕೊಂಡು ಬಂದ ಸದಸ್ಯರೇ.