ನಡುವೆ ಒಂದು ರ, ಸುತ್ತ ಆರು ಅಕ್ಷರ

ಈ ವಾರ ಬಿಡಿಸಿದ ಗುಂಪು ಇದು: ಮ, ಗ, ಕ, ಸ, ಲು, ಳೆ. ನಡುವಿನ ಚೌಕದಲ್ಲಿ ರ. ಕಟ್ಟುವ ಪ್ರತಿ ಪದದಲ್ಲೂ ರ ಇರಲೇಬೇಕು. ಒಂದೇ ಅಕ್ಷರವನ್ನು ಎಷ್ಟು ಸಲ ಬೇಕಾದರೂ ಬಳಸಬಹುದು, ಆದರೆ ಗುಂಪಿನಲ್ಲಿ ಇಲ್ಲದ್ದನ್ನು ತರುವಂತಿಲ್ಲ. ಕುಂಬಳೆಯ ಹತ್ತಿರದ ವಾಚನಾಲಯದಲ್ಲಿ ಭಾನುವಾರ ಬೆಳಗ್ಗೆ ಸೇರುವ ನಮ್ಮಲ್ಲಿ ಕೆಲವರ ಮನೆಮಾತು ತುಳು, ಕೆಲವರದು ಮಲಯಾಳ, ಇಬ್ಬರದು ಮರಾಠಿ. ಕನ್ನಡ ನಮಗೆ ಶಾಲೆಯಲ್ಲಿ ಬಂದದ್ದು. ಈ ಟಿಪ್ಪಣಿಯನ್ನು ಅಂಥವರಿಗಾಗಿಯೇ ಬರೆದಿದ್ದೇನೆ.

ಮೊದಲು ಒಂದು ಚೌಕ ಎಂದರೆ ಏನೆಂದು ಸರಿಯಾಗಿ ತಿಳಿದುಕೊಳ್ಳಿ. ಹೊಸಬರು ಎಡವುವುದು ಇಲ್ಲಿಯೇ. ಕಾಸರಗೋಡು ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಬರೆದರೆ ಒಂಬತ್ತು ಅಕ್ಷರ, ಕನ್ನಡದಲ್ಲಿ ಐದು: ಕಾ, ಸ, ರ, ಗೋ, ಡು. ಕುಂಬಳೆ ಮೂರು, ಏಕೆಂದರೆ ಸೊನ್ನೆ ತನ್ನ ಹಿಂದಿನ ಅಕ್ಷರದ ಜೊತೆಗೇ ಕೂರುತ್ತದೆ. ಮಂಜೇಶ್ವರ ನಾಲ್ಕು: ಮಂ, ಜೇ, ಶ್ವ, ರ. ಒತ್ತಕ್ಷರ ಎಷ್ಟೇ ದಪ್ಪವಾಗಿದ್ದರೂ ಒಂದೇ ಚೌಕ. ‘ಸ್ತ್ರೀ’ ಎಂದು ಫೋನಿನಲ್ಲಿ ಬರೆದರೆ ಒಳಗೆ ಆರು ಸಂಕೇತಗಳು ಸಾಲಾಗಿ ನಿಲ್ಲುತ್ತವೆ (ಸ, ವಿರಾಮ, ತ, ವಿರಾಮ, ರ, ದೀರ್ಘ ಈಕಾರ), ನಮ್ಮ ಕಾಗದದಲ್ಲಿ ಮಾತ್ರ ಅದಕ್ಕೆ ಒಂದೇ ಜಾಗ.

ಇದರಿಂದ ಹುಟ್ಟುವ ತಪ್ಪುಗಳು ಎರಡು. ಒಂದು, ಸಾಗರ. ಗುಂಪಿನಲ್ಲಿ ಸ, ಗ, ರ ಕಂಡ ಕೂಡಲೇ ಎಲ್ಲರ ಕೈಯೂ ಅಲ್ಲಿಗೆ ಹೋಗುತ್ತದೆ. ಆದರೆ ಗುಂಪಿನಲ್ಲಿರುವುದು ಸ, ಸಾ ಅಲ್ಲ. ಸಿಗುವುದು ಸಗರ, ಪುರಾಣದ ಆ ದೊರೆ. ಇನ್ನೊಂದು, ಕರ್ಮ ಮತ್ತು ಸರ್ಗ. ಕರ್ಮದಲ್ಲಿ ಇರುವುದು ಕ ಮತ್ತು ರ್ಮ. ಅರ್ಕಾವೊತ್ತಾಗಿ ಸೇರಿಕೊಂಡ ರಕಾರ ಬಿಡಿ ಚೌಕವಲ್ಲ. ಕಿವಿ ‘ರ ಉಂಟು’ ಎನ್ನುತ್ತದೆ, ಕಣ್ಣು ‘ಇಲ್ಲ’ ಎನ್ನುತ್ತದೆ. ಈ ಆಟದಲ್ಲಿ ಕಣ್ಣನ್ನು ನಂಬಿ.

ಈಗ ಲೆಕ್ಕ. ಏಳು ಅಕ್ಷರಗಳಿಂದ ಮೂರು ಚೌಕದ ಜೋಡಣೆಗಳು 7×7×7, ಅಂದರೆ 343. ಅದರಲ್ಲಿ ರ ಇಲ್ಲದವು 216. ಉಳಿದದ್ದು 127. ನಾಲ್ಕು ಚೌಕಕ್ಕೆ ಇದೇ ಲೆಕ್ಕ ಮಾಡಿದರೆ 2401ರಲ್ಲಿ 1296 ಕಳೆದು 1105. ಒಂದೊಂದನ್ನೇ ಬರೆದು ನೋಡುವುದು ಸಾಧ್ಯವಿಲ್ಲ. ಆದ್ದರಿಂದ ಯಾವ ಅಕ್ಷರ ಎಲ್ಲಿ ಕೂರುತ್ತದೆ ಎಂದು ಕೇಳಿಕೊಳ್ಳಬೇಕು. ಕನ್ನಡದಲ್ಲಿ ಳ, ಣ ಪದದ ಮೊದಲಿಗೆ ಬರುವುದಿಲ್ಲ. ಲು ಕೂಡ ಪದದ ಮೊದಲಲ್ಲಿ ಬಲು ಅಪರೂಪ, ಅದಕ್ಕೆ ಕೊನೆಯೇ ಪ್ರಿಯ: ಕಾಲು, ಹಗಲು, ಕಡಲು, ಬಾಗಿಲು. ಹಾಗಾಗಿ ಮೊದಲ ಸುತ್ತಿನಲ್ಲಿ ಲು, ಳೆ ಎರಡನ್ನೂ ಕೊನೆಯ ಚೌಕಕ್ಕೇ ಮೀಸಲಿಡಿ. ನಾಲ್ಕು ಚೌಕದ 1105 ಜೋಡಣೆಗಳು 491ಕ್ಕೆ ಇಳಿಯುತ್ತವೆ. ಇದು ಮೊದಲ ಸುತ್ತಿಗೆ ಮಾತ್ರ. ಸಲುಗೆಯಲ್ಲಿ ಲು ನಡುವೆ ಬರುತ್ತದೆ, ಗೆಳೆಯನಲ್ಲಿ ಳೆ ನಡುವೆ ಬರುತ್ತದೆ. ಎರಡನೇ ಸುತ್ತಿನಲ್ಲಿ ಅವನ್ನು ನಡುವೆ ಇಟ್ಟು ನೋಡಿದ್ದಕ್ಕೇ ನಮಗೆ ಮಳೆಮರ ಸಿಕ್ಕಿತು.

ಎರಡು ಚೌಕದ ಪದಗಳಿಗೆ ನಾನು ಹಿಡಿದ ದಾರಿ: ಎರಡನೇ ಅಕ್ಷರವನ್ನು ಕದಲಿಸದೆ ಇಟ್ಟು ಮೊದಲನೆಯದನ್ನು ಬದಲಿಸುವುದು. ಮರ, ಕರ, ಸರ, ಗರ. (ಗರ ಬಡಿದವನಂತೆ ಕೂತ ಎನ್ನುತ್ತೇವಲ್ಲ, ಅದೇ ಗರ.) ಇದು ಹೊಸ ಉಪಾಯವೇನಲ್ಲ. ಹಳೆಯ ಕವಿಗಳು ಪ್ರತಿ ಪಾದದ ಎರಡನೇ ಅಕ್ಷರದಲ್ಲಿ ಒಂದೇ ವ್ಯಂಜನ ಬರುವಂತೆ ಪ್ರಾಸ ಕೂಡಿಸುತ್ತಿದ್ದರು, ಅದಕ್ಕಾಗಿ ಅವರ ಮನಸ್ಸಿನಲ್ಲಿ ಇಂಥ ಪಟ್ಟಿಗಳು ಸಿದ್ಧವಾಗಿರಬೇಕಿತ್ತು. ಆ ಕಟ್ಟನ್ನು ಬಿಟ್ಟು ಕವಿತೆ ಬರೆಯಲು ಧೈರ್ಯ ಮಾಡಿದವರು ನಮ್ಮ ಮಂಜೇಶ್ವರದವರೇ ಆದ ಗೋವಿಂದ ಪೈಗಳು (1883–1963). ಕವಿತೆಗೆ ಅವರು ಮಾಡಿದ್ದು ದೊಡ್ಡ ಉಪಕಾರ. ಪದ ಹುಡುಕುವವರು ಮಾತ್ರ ಎರಡನೇ ಅಕ್ಷರವನ್ನು ಹಿಡಿದುಕೊಂಡೇ ಇರಬೇಕು. ಆಮೇಲೆ ರ ಅನ್ನು ಮುಂದೆ ತಂದರೆ ರಸ, ಕೊನೆಗೆ ಒಯ್ದರೆ ಮಕರ, ಸಮರ, ನಡುವೆ ಇಟ್ಟರೆ ಕರಗ, ಸರಸ. ಳೆಯನ್ನು ಕೊನೆಗೆ ಇಟ್ಟಾಗ ಬಂದದ್ದು ರಗಳೆ. ಹರಿಹರ ಬರೆದ ಛಂದಸ್ಸೂ ರಗಳೆ, ‘ಎಂಥ ರಗಳೆ ಮಾರಾಯ್ತಿ’ ಎನ್ನುವಾಗಿನದೂ ರಗಳೆ.

ನಾಲ್ಕು ಚೌಕಕ್ಕೆ ಬಂದಾಗ ಕನ್ನಡದ ಒಂದು ಗುಣ ನೆನಪಿರಲಿ. ಎರಡು ಚೌಕದ ತುಂಡನ್ನು ಎರಡು ಸಲ ಹೇಳಿದರೆ ಎಷ್ಟೋ ಬಾರಿ ಪದವಾಗುತ್ತದೆ. ಒಣಗಿದ ಸೋಗೆಯನ್ನು ಸರಸರ ಎಳೆಯುತ್ತಾರೆ, ಬುಗುರಿ ಗರಗರ ತಿರುಗುತ್ತದೆ, ಗಟ್ಟಿ ತಿಂಡಿಯನ್ನು ಕರಕರ ಅಗಿಯುತ್ತಾರೆ. ವ್ಯಾಕರಣದಲ್ಲಿ ಇವನ್ನು ಅನುಕರಣಾವ್ಯಯ ಎನ್ನುತ್ತೇವೆ. ಒಂದೇ ಅಕ್ಷರ ಮತ್ತೆ ಬರಬಹುದು ಎಂಬ ನಿಯಮ ಇರುವಲ್ಲೆಲ್ಲ ಮೊದಲು ಇವನ್ನು ತೆಗೆಯಿರಿ. ಗರಗರ ಎಂದು ಬರೆದವರಿಗೆ ಕೊನೆಯ ರ ತೆಗೆದು ಸ ಇಟ್ಟರೆ ಗರಗಸ. ಕರಕರ ಎಂದು ಬರೆದವರಿಗೆ ಅದೇ ಜಾಗದಲ್ಲಿ ಲು ಇಟ್ಟರೆ ಕರಕಲು.

ಕರಗಲು, ಕಮರಲು ಬರೆದವರೂ ಇದ್ದರು. ಎರಡೂ ಒಳ್ಳೆಯ ಕನ್ನಡವೇ. ಆದರೆ ಅವು ಕರಗು, ಕಮರು ಎಂಬ ಧಾತುಗಳಿಗೆ ಲು ಹತ್ತಿದ ರೂಪಗಳು, ನಿಘಂಟಿನಲ್ಲಿ ತಲೆಪದವಾಗಿ ನಿಲ್ಲುವುದಿಲ್ಲ. ಕರಕಲು ಹಾಗಲ್ಲ, ಅದು ನಾಮಪದ. ಲು ಇರುವ ಗುಂಪಿನಲ್ಲಿ ಇಂಥ ಕ್ರಿಯಾರೂಪಗಳಿಗೆ ಬಾಗಿಲು ತೆರೆದರೆ ಪಟ್ಟಿ ಉದ್ದವಾಗುತ್ತದೆ, ಹುಡುಕಾಟ ಸಡಿಲವಾಗುತ್ತದೆ. ಬೇಡ ಎನ್ನುವ ಪಕ್ಷ ನನ್ನದು. ಏನೇ ಆದರೂ ಆಟ ಶುರುವಾಗುವ ಮೊದಲೇ ತೀರ್ಮಾನಿಸಿಕೊಳ್ಳಿ.

ಇನ್ನು ನಾನು ಮುಖ್ಯವಾಗಿ ಹೇಳಬೇಕಾದದ್ದು. ಹಿಂದಿನ ವಾರದ ಗುಂಪಿನಲ್ಲಿ ನಡುವೆ ಲೆ ಇತ್ತು, ಸುತ್ತ ಬ, ತ, ಮ, ಕ, ಬೆ, ನೆ. ಹಳೆಯ ಮದುವೆ ಕಾಗದ ಕತ್ತರಿಸಿ ಮಾಡಿದ ಚೀಟಿಗಳನ್ನು ಬೆಂಚಿನ ಮೇಲೆ ಹರಡಿದ್ದೆ. ಕಡಲ ಬದಿಯಿಂದ ಬರುವ ಆರನೇ ತರಗತಿಯ ಹುಡುಗಿ, ಮನೆಯಲ್ಲಿ ಮಲಯಾಳ ಮಾತಾಡುವವಳು, ತುಂಬ ಹೊತ್ತು ಸುಮ್ಮನೆ ಕೂತಿದ್ದಳು. ನನಗೆ ಬೇಸರವಾಯಿತು, ಕನ್ನಡ ಪದ ಸಾಲದೇ ಹೋಗಿರಬೇಕು ಎಂದುಕೊಂಡೆ. ಅವಳು ಬ ಮತ್ತು ಲೆ ಚೀಟಿಗಳನ್ನು ಹತ್ತಿರ ತಂದು, ‘ಅಕ್ಕ, ನಮ್ಮ ಮನೆಯಲ್ಲಿ ವಲ ಹೇಳ್ತೇವೆ, ಮೀನು ಹಿಡಿಯುವುದು. ಇದು ಅದೇ ಅಲ್ವಾ? ವ ಇದ್ದಲ್ಲಿ ಬ ಬಂದಿದೆ’ ಎಂದಳು.

‘ಹೌದು, ಅದೇ. ಕೊನೆಗೆ ಏನಾಯ್ತು ನೋಡು.’

‘ಲ ಹೋಗಿ ಲೆ ಆಯ್ತು.’ ಅಷ್ಟು ಹೇಳಿದವಳು ಉಳಿದ ಚೀಟಿಗಳನ್ನು ಎಳೆದುಕೊಂಡಳು. ತಲ ತಲೆಯಾಯಿತು, ಮಲ ಮಲೆಯಾಯಿತು, ಕಲ ಕಲೆಯಾಯಿತು. ಬೆ, ನೆ ಮುಂದೆ ಸ್ವಲ್ಪ ನಿಂತಳು. ಆಮೇಲೆ ವಿಲ ಎಂದು ಮೆಲ್ಲಗೆ ಹೇಳಿಕೊಂಡು ಬೆಲೆ ಜೋಡಿಸಿದಳು, ನಿಲ ಎಂದು ನೆಲೆ ಜೋಡಿಸಿದಳು. ಆರೂ ಪದ ಅವಳ ಮನೆಯಿಂದಲೇ ಬಂದವು.

ಅವಳು ಕಂಡದ್ದನ್ನು ನಿಯಮವಾಗಿ ಬರೆದುಕೊಳ್ಳೋಣ. ಮಲಯಾಳದ ಪದಾದಿಯ ವ ಕನ್ನಡದ ದೇಶ್ಯ ಪದಗಳಲ್ಲಿ ಬ ಆಗಿರುತ್ತದೆ: ವೇರ್ ಬೇರು, ವಿರಲ್ ಬೆರಳು, ವಾತಿಲ್ ಬಾಗಿಲು. ಕೊನೆಯ ಅ ನಮ್ಮಲ್ಲಿ ಎ. ಹಾಗೆ ಕೊನೆಯಲ್ಲಿ ಅ ಇದ್ದಾಗ ಮೊದಲಿನ ಇ ಕನ್ನಡದಲ್ಲಿ ಎ ಆಗಿರುತ್ತದೆ (ಇಲ ಎಲೆ, ವಿಲ ಬೆಲೆ), ಉ ಇದ್ದರೆ ಒ (ಕುಳಂ ಕೊಳ). ವ್ಯಂಜನದಲ್ಲಿ ಮುಗಿಯುವ ಪದಕ್ಕೆ ಕನ್ನಡ ಕೊನೆಗೊಂದು ಉ ಕೊಡುತ್ತದೆ, ಲು ಚೌಕ ಇಷ್ಟು ಸಲ ಕೊನೆಗೆ ಬರುವುದಕ್ಕೆ ಅದೂ ಒಂದು ಕಾರಣ. ಇನ್ನು ಪ. ಹಳಗನ್ನಡದ ಪದಾದಿ ಪಕಾರ ಹೊಸಗನ್ನಡದಲ್ಲಿ ಹ ಆಯಿತು, ಮಲಯಾಳವೂ ತುಳುವೂ ಪಕಾರವನ್ನು ಉಳಿಸಿಕೊಂಡವು. ಪಾಲ್ ಹಾಲು, ಪಲ್ಲಿ ಹಲ್ಲಿ, ಪತ್ತ್ ಹತ್ತು, ಪಣಂ ಹಣ, ತುಳುವಿನ ಪಿಲಿ ಹುಲಿ. ಗುಂಪಿನಲ್ಲಿ ಹ ಕಂಡರೆ ನಿಮ್ಮ ಮನೆಯ ಪಕಾರದ ಪದಗಳನ್ನು ಬಾಯಿಬಿಟ್ಟು ಹೇಳಿ ನೋಡಿ.

ಎಲ್ಲ ಪದಕ್ಕೂ ಇದು ನಡೆಯುವುದಿಲ್ಲ. ಸಂಸ್ಕೃತದಿಂದ ಬಂದ ಪದ, ಪಾಪ, ವನ, ವಾರ ಹಾಗೆಯೇ ಉಳಿಯುತ್ತವೆ. ಕಲೆಯೂ ಸಂಸ್ಕೃತದ್ದೇ, ಅಲ್ಲಿ ಕಲಾ ಎಂಬುದು ಕಲೆಯಾದದ್ದು ಮಾಲಾ ಮಾಲೆಯಾದ ಹಾಗೆ. ಖ, ಘ, ಧ, ಭ ಇರುವ ಗುಂಪು ಬಂದರೆ ಮನೆಮಾತನ್ನು ಬದಿಗಿಟ್ಟು ನೇರ ಸಂಸ್ಕೃತ ಪದಗಳ ಕಡೆ ಹೋಗಿ, ದೇಶ್ಯ ಪದಗಳಲ್ಲಿ ಮಹಾಪ್ರಾಣ ವಿರಳ. ಅರ್ಥದಲ್ಲೂ ಎಚ್ಚರ ಬೇಕು: ಮಲಯಾಳದ ಪಳ್ಳಿ ಮಸೀದಿ ಅಥವಾ ಇಗರ್ಜಿ, ನಮ್ಮ ಹಳ್ಳಿ ಊರು. ಅಕ್ಷರ ಸರಿಯಾಗಿ ಸಿಕ್ಕರೂ ಸುಳಿವು ಓದುವಾಗ ದಾರಿ ತಪ್ಪುತ್ತದೆ.

ಮುಂದಿನ ಭಾನುವಾರಕ್ಕೆ ನಡುವೆ ಳೆ ಇಟ್ಟುಕೊಳ್ಳೋಣ, ಸುತ್ತ ಮ, ಬ, ಬಾ, ಹೊ, ರ, ಗ. ಎರಡು ಪದ ಈ ಟಿಪ್ಪಣಿಯಲ್ಲೇ ಬಂದುಹೋಗಿವೆ. ಉಳಿದವುಗಳಿಗೆ ಒಂದು ಸುಳಿವು: ಹಳಗನ್ನಡದಲ್ಲಿ ೞ ಎಂಬ ಅಕ್ಷರವಿತ್ತು. ಕನ್ನಡದಲ್ಲಿ ಅದು ಎಷ್ಟೋ ಕಡೆ ಳಕಾರದಲ್ಲಿ ಕರಗಿಹೋಯಿತು, ಮಲಯಾಳದಲ್ಲಿ ಇಂದಿಗೂ ಉಂಟು. ಮೞ, ವಾೞ, ಪುೞ ಎಂದು ಹೇಳಿಕೊಳ್ಳಿ. ಚಂದ್ರಗಿರಿಯ ಸೇತುವೆ ದಾಟುವಾಗ ಕೆಳಗೆ ಹರಿಯುವುದು ಪುೞ. ಅದನ್ನು ನಾವು ಏನೆಂದು ಕರೆಯುತ್ತೇವೆಂದು ಚೀಟಿಯಲ್ಲಿ ಬರೆದು ತನ್ನಿ.