ಆಯ್ಕೆ ಪಟ್ಟಿಯಲ್ಲಿದ್ದ ಹುಡುಗಿಯರು ವಿಮಾನ ಯಾಕೆ ಹತ್ತಲಿಲ್ಲ?

ನಾನು ವಿಶ್ವವಿದ್ಯಾಲಯವೊಂದರ ಅಂತರರಾಷ್ಟ್ರೀಯ ಸಂಬಂಧಗಳ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ವಿದ್ಯಾರ್ಥಿ ವಿನಿಮಯದ ಫೈಲುಗಳೆಲ್ಲ ನನ್ನ ಟೇಬಲ್ ದಾಟಿಯೇ ಹೋಗಬೇಕು. ವರ್ಷ ವರ್ಷವೂ ಒಂದೇ ವಿಷಯ ಕಾಣುತ್ತದೆ. ಆಯ್ಕೆ ಪಟ್ಟಿಯಲ್ಲಿ ಹುಡುಗಿಯರ ಹೆಸರು ಇರುತ್ತದೆ, ಎಷ್ಟೋ ಸಲ ಮೊದಲ ಸಾಲಿನಲ್ಲೇ ಇರುತ್ತದೆ. ವೀಸಾ ಅರ್ಜಿ ಹಾಕುವ ಹೊತ್ತಿಗೆ ಒಂದೊಂದೇ ಹೆಸರು ಕಳಚಿಕೊಂಡಿರುತ್ತದೆ.

ಕೇಳಿದರೆ "ಮನೇಲಿ ಒಪ್ಪಲಿಲ್ಲ ಮೇಡಂ" ಅನ್ನುತ್ತಾರೆ. ನಾವೂ ಅಲ್ಲಿಗೇ ಫೈಲ್ ಮುಚ್ಚುತ್ತಿದ್ದೆವು. ಕೂರಿಸಿಕೊಂಡು ಮಾತಾಡಿದ ಮೇಲೆ ಗೊತ್ತಾಗಿದ್ದೇ ಬೇರೆ. ಟಿಕೆಟ್, ವಿಮೆ, ವೀಸಾ ಶುಲ್ಕ ಎಲ್ಲವನ್ನೂ ಮೊದಲು ಕೈಯಿಂದ ಹಾಕಿ, ಬಂದ ಮೇಲೆ ಬಿಲ್ ಕೊಟ್ಟು ವಾಪಸ್ ಪಡೆಯಬೇಕು ಅನ್ನುವುದು ನಮ್ಮದೇ ನಿಯಮ. ಮಗನಿಗಾದರೆ ಸಾಲ ಮಾಡಿಯಾದರೂ ಹೊಂದಿಸುವ ಎಷ್ಟೋ ಮನೆಗಳಲ್ಲಿ, ಮಗಳ ವಿಷಯ ಬಂದಾಗ ಇರುವ ದುಡ್ಡು ಮದುವೆಗೆ ಅಂತ ಎತ್ತಿಟ್ಟದ್ದಾಗಿರುತ್ತದೆ. ಅಲ್ಲಿ ಎಲ್ಲಿ ಉಳಿದುಕೊಳ್ಳುತ್ತಾಳೆ, ರಾತ್ರಿ ಏನಾದರೂ ಆದರೆ ಯಾರಿಗೆ ಫೋನ್ ಮಾಡಬೇಕು ಎಂದು ಅಪ್ಪ ಅಮ್ಮ ಕೇಳಿದರೆ ನಮ್ಮ ಹತ್ತಿರ ಒಂದು ಹಾಳೆಯ ಉತ್ತರವೂ ಇರಲಿಲ್ಲ. ಇಷ್ಟಾದ ಮೇಲೆ ಸುಮ್ನೆ ಮನೆಯವರನ್ನೇ ದೂರುವುದು ತಪ್ಪು, ಅಲ್ವಾ?

ಅಧ್ಯಾಪಕಿಯರಿಗೆ ಅಡ್ಡ ಬರುವುದು ವರ್ಷದ ಲೆಕ್ಕ. ಸಂಶೋಧನಾ ಅನುದಾನಕ್ಕೆ ಪಿಎಚ್‌ಡಿ ಮುಗಿದು ಇಷ್ಟು ವರ್ಷದೊಳಗೆ ಅರ್ಜಿ ಹಾಕಿ ಅನ್ನುತ್ತಾರೆ, ಮಗು ಹುಟ್ಟುವುದೂ ಅದೇ ವರ್ಷಗಳಲ್ಲಿ. ಯುರೋಪಿನ ಸಂಶೋಧನಾ ಮಂಡಳಿಯಾದ ಇಆರ್‌ಸಿಯ ಅನುದಾನದಲ್ಲಿ ತಾಯಂದಿರಿಗೆ ಈ ಗಡುವಿನಲ್ಲಿ ಒಂದೊಂದು ಮಗುವಿಗೂ 18 ತಿಂಗಳು ವಿನಾಯಿತಿ ಇದೆ. ನಮ್ಮ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಕೂಡ ಪಿಎಚ್‌ಡಿ ಮಾಡುವ ಮಹಿಳೆಯರಿಗೆ 2 ವರ್ಷ ಜಾಸ್ತಿ ಸಮಯ, 240 ದಿನದವರೆಗೆ ಹೆರಿಗೆ ರಜೆ ಕೊಟ್ಟಿದೆ. ವಿದೇಶಿ ಒಪ್ಪಂದದ ಕರಡು ಬರೆಯಲು ಕೂತಾಗ ಮಾತ್ರ ಇದನ್ನು ಮರೆತುಬಿಡುತ್ತೇವೆ. ನನಗೆ ತುಂಬಾ ಬೇಜಾರಾಗುವುದು ಇಲ್ಲೇ.

2022ರಿಂದ ಐರೋಪ್ಯ ಒಕ್ಕೂಟದ ಸಂಶೋಧನಾ ನೆರವಿನ ಕಾರ್ಯಕ್ರಮವಾದ ಹೊರೈಜನ್ ಯುರೋಪ್‌ನ ಹಣ ಬೇಕೆನ್ನುವ ಅಲ್ಲಿನ ವಿಶ್ವವಿದ್ಯಾಲಯಗಳು ಲಿಂಗ ಸಮಾನತೆ ಯೋಜನೆಯನ್ನು ಪ್ರಕಟಿಸಲೇಬೇಕು. ಭಾರತದ ಸಂಸ್ಥೆಗಳಿಗೆ ಆ ಷರತ್ತು ಇಲ್ಲ. ಆದರೆ ಅದರಲ್ಲಿ ಒಂದು ಕೆಲಸವನ್ನು ಯಾರ ಅಪ್ಪಣೆಗೂ ಕಾಯದೆ ನಾವು ಮಾಡಬಹುದು: ಹೆಣ್ಣು, ಗಂಡು ಬೇರೆ ಬೇರೆ ಲೆಕ್ಕ ಇಟ್ಟು ಪ್ರತಿವರ್ಷ ವರದಿ ಕೊಡುವುದು. ಎಷ್ಟು ಜನ ಹೋಗಿಬಂದರು ಅನ್ನುವುದಷ್ಟೇ ಸಾಲದು, ಯಾರು ಯಾವ ಹಂತದಲ್ಲಿ ಬಿಟ್ಟರು ಅನ್ನುವುದು ಗೊತ್ತಾಗಬೇಕು.

ಈಗ ನನ್ನ ಪಟ್ಟಿಯಲ್ಲಿ ಅರ್ಜಿ, ಆಯ್ಕೆ, ವೀಸಾ, ಪ್ರಯಾಣ ಎಂದು ನಾಲ್ಕು ಕಾಲಂ ಇವೆ. ವಿದ್ಯಾರ್ಥಿಗಳಿಗೆ ಖರ್ಚಿನ ಹಣ ಮುಂಗಡವಾಗಿ ಕೊಡಿ ಎಂದು ಹಣಕಾಸು ಅಧಿಕಾರಿಗೆ ಬರೆದ ಟಿಪ್ಪಣಿಗೆ ಅದನ್ನೇ ಲಗತ್ತಿಸಿದ್ದೇನೆ.